ಪಾಲಿಕೆ ಎರಡಾಗಲಿ, ನಾಲಾ ಒಂದೇ

ಅಧ್ಯಕ್ಷರೇ, ವೇದಿಕೆ ಮೇಲಿರುವ ಹಿರಿಯರೇ, ಧಾರವಾಡದ ಬಂಧುಗಳೇ, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ನನ್ನ ಜೊತೆಗೇ ಬಂದ ಗೆಳೆಯರೇ, ನಮಸ್ಕಾರ.

ಹುಬ್ಬಳ್ಳಿಯವನೊಬ್ಬನನ್ನು ಧಾರವಾಡಕ್ಕೆ ಕರೆಸಿ, ಅದೂ ಈ ಹೊತ್ತಿನಲ್ಲಿ, ಪಾಲಿಕೆ ಬಗ್ಗೆ ಮಾತಾಡು ಅಂದಿದ್ದೀರಿ. ಧೈರ್ಯ ನಿಮ್ಮದೋ ನನ್ನದೋ ಆಮೇಲೆ ನೋಡೋಣ. 2025ರ ಜನವರಿಯಲ್ಲಿ ಸಚಿವ ಸಂಪುಟ, ಹುಬ್ಬಳ್ಳಿ ಜೊತೆ ಒಂದೇ ಪಾಲಿಕೆಯಲ್ಲಿದ್ದ ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಕೊಡಲು ಒಪ್ಪಿತು. ಆವತ್ತು ಇಲ್ಲಿ ಯಾರ್ಯಾರು ಪೇಡೆ ಹಂಚಿದಿರಿ ಅಂತ ನಾನು ಕೇಳುವುದಿಲ್ಲ. ನನಗೂ ಒಂದು ಡಬ್ಬಿ ಬಂದಿತ್ತು, ತಿಂದಿದ್ದೇನೆ.

ಆಮಂತ್ರಣದಲ್ಲಿ ನನ್ನ ವಿಷಯ ಹೀಗೆ ಅಚ್ಚಾಗಿದೆ: ‘ಹವಾಮಾನ ವೈಪರೀತ್ಯ ತಾಳಿಕೊಳ್ಳುವ ನಗರ ಹಾಗೂ ಹಸಿರು ಅಭಿವೃದ್ಧಿಗಾಗಿ ಸಾಮರ್ಥ್ಯ ವೃದ್ಧಿ’. ಇದನ್ನು ಓದಿ ನಮ್ಮ ಮನೆಯವಳು, "ಇಷ್ಟೆಲ್ಲಾ ನೀವ ಒಬ್ಬರ ಮಾತಾಡ್ತೀರೇನ್ರಿ?" ಅಂದಳು. ಇಲ್ಲ, ಅಷ್ಟು ಆಗುವುದಿಲ್ಲ. ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ: ನೀರು, ಬಿಸಿಲು, ದುಡ್ಡು, ಜನ. ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡಿದ ಅಭ್ಯಾಸ ನನ್ನದು. ಮೊದಲ ವಿಷಯದಲ್ಲೇ ಗಂಟೆ ಹೊಡೆದರೆ ಗಾಬರಿ ಆಗಬೇಡಿ.

ನೇರವಾಗಿ ಹೇಳಿಬಿಡುತ್ತೇನೆ. ಸಾಮರ್ಥ್ಯ ವೃದ್ಧಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಎರಡು ದಿನದ ತರಬೇತಿ. ಒಂದು ಬ್ಯಾಗು, ಒಂದು ಪೆನ್ನು, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ, ಗ್ರೂಪ್ ಫೋಟೊ. ತರಬೇತಿ ಬೇಡ ಅಂತಲ್ಲ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯೇ ಇದೆ, ಅಲ್ಲಿಗೆ ಹೋಗಿ ಕಲಿತು ಬಂದವರಿದ್ದಾರೆ. ಆದರೆ ಕಲಿತು ಬಂದವರು ಈಗ ಎಲ್ಲಿದ್ದಾರೆ? ಒಬ್ಬರು ಬಳ್ಳಾರಿಗೆ ವರ್ಗ, ಇನ್ನೊಬ್ಬರು ನಿವೃತ್ತಿ, ಮತ್ತೊಬ್ಬರನ್ನು ತೆರಿಗೆ ವಿಭಾಗಕ್ಕೆ ಹಾಕಿದ್ದಾರೆ. ಕಲಿತದ್ದು ಅವರ ಜೊತೆಗೇ ಹೋಯಿತು.

ಅದಕ್ಕೇ ನಾನು ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳುತ್ತೇನೆ. ಆ ಕುರ್ಚಿ ಎಲ್ಲಿದೆ? ಪಾಲಿಕೆ ಕಟ್ಟಡದಲ್ಲಿ ಆಸ್ತಿ ತೆರಿಗೆಗೆ ಕುರ್ಚಿ ಇದೆ, ಜನನ ಮರಣಕ್ಕೆ ಕುರ್ಚಿ ಇದೆ, ಬೀದಿ ದೀಪಕ್ಕೂ ಇದೆ. ಮುಂದಿನ ಮಳೆಗಾಲದಲ್ಲಿ ಯಾವ ಓಣಿಗೆ ನೀರು ನುಗ್ಗುತ್ತದೆ ಅಂತ ಬೇಸಿಗೆಯಲ್ಲೇ ಲೆಕ್ಕ ಹಾಕುವ ಕುರ್ಚಿ ಯಾವ ಮಹಡಿಯಲ್ಲಿದೆ? ಯಾರಿಗಾದರೂ ಗೊತ್ತಿದ್ದರೆ ಕೈ ಎತ್ತಿ.

ಯಾರೂ ಇಲ್ಲ. ಗೊತ್ತಿತ್ತು, ಸುಮ್ನೆ ಕೇಳಿದೆ.

ಈಗ ಮೊದಲ ವಿಷಯ, ನೀರು. ಧಾರವಾಡ ದಿನ್ನೆ ಮೇಲಿನ ಊರು. ಇಲ್ಲಿ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹೊರಟು, ಬೇಡ್ತಿ ಆಗಿ, ಗಂಗಾವಳಿ ಆಗಿ ಅರಬ್ಬಿ ಸಮುದ್ರ ಸೇರುತ್ತದೆ. ಊರಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ತುಪ್ಪರಿ ಹಳ್ಳ, ಬೆಣ್ಣಿಹಳ್ಳದ ಕಡೆಗೆ ಹರಿದು ಮಲಪ್ರಭೆ ಸೇರಿ, ಕೃಷ್ಣೆಗೆ ಹೋಗಿ ಬಂಗಾಳ ಕೊಲ್ಲಿ ಕಾಣುತ್ತದೆ. ಒಂದೇ ಊರಿನ ಮಳೆ ಎರಡು ಸಮುದ್ರಕ್ಕೆ! ಧಾರವಾಡದವರು ಯಾವ ವಿಷಯಕ್ಕೂ ಒಂದೇ ಮಾತಿಗೆ ಬರುವುದಿಲ್ಲ ಅಂತ ಹುಬ್ಬಳ್ಳಿ ಕಡೆ ಅನ್ನುತ್ತೇವೆ, ಮಳೆಗೂ ಅದೇ ಗುಣ ಬಂದಿದೆ ನೋಡಿ.

ಇನ್ನು ಎರಡು ಊರಿನ ನಡುವಿನ ಎತ್ತರದ ನೆಲದ ನೀರು ಉಣಕಲ್ ಕೆರೆಗೆ ಬರುತ್ತದೆ. ಕೆರೆ ತುಂಬಿದರೆ ಕೋಡಿ, ಕೋಡಿಯಿಂದ ನಾಲಾ. ಆ ನಾಲಾ ಹುಬ್ಬಳ್ಳಿಯ ನಟ್ಟನಡುವೆ ಹಾದು ಗಬ್ಬೂರಿನ ಕಡೆಗೆ ಹೋಗುತ್ತದೆ. 2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಕೆರೆ ಉಕ್ಕಿತು, ನಾಲಾ ಪಕ್ಕದ ಮನೆಗಳಿಗೆ ನೀರು ನುಗ್ಗಿತು. ಅತ್ತ ನವಲಗುಂದದ ಕಡೆ ಬೆಣ್ಣಿಹಳ್ಳ, ತುಪ್ಪರಿ ಹಳ್ಳ ಹೊಲಗಳನ್ನು ನುಂಗಿದವು. ಅದಕ್ಕೂ ಎರಡೇ ವರ್ಷ ಮೊದಲು ಕಲಘಟಗಿ ತಾಲೂಕಿನ ನೀರಸಾಗರ ಜಲಾಶಯ ತಳ ಕಂಡಿತ್ತು. ನಾಲ್ಕು ವರ್ಷ ಬಿಟ್ಟು 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಬರ, ನೆರೆ, ಮತ್ತೆ ಬರ. ಹವಾಮಾನ ಬದಲಾವಣೆ ನಮ್ಮ ಊರಿಗೆ ಬಂದಿದೆಯೋ ಇಲ್ಲವೋ ಅಂತ ಇನ್ನೂ ಚರ್ಚೆ ಮಾಡುವವರಿದ್ದರೆ ಅವರಿಗೆ ಚಹಾ ಕುಡಿಸಿ ಕಳಿಸೋಣ. ನನ್ನ ಹತ್ತಿರ ಅಷ್ಟು ಟೈಮ್ ಇಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಹವಾಮಾನ ಇಲಾಖೆ ‘ಭಾರೀ ಮಳೆ’ ಅನ್ನುವುದು ದಿನಕ್ಕೆ 64.5 ಮಿಲಿಮೀಟರ್ ಮೀರಿದಾಗ. ಒಂದು ಎಕರೆ ಮೇಲೆ 65 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ 60 ಸಾವಿರ ಲೀಟರ್ ನೀರು. ಅಂದರೆ 5 ಸಾವಿರ ಲೀಟರಿನ 50 ಟ್ಯಾಂಕರ್‌ಗಿಂತ ಜಾಸ್ತಿ, ಒಂದೇ ಎಕರೆಗೆ. ಅದು ಹೊಲವಾಗಿದ್ದಾಗ ನಮ್ಮ ಎರಿ ಭೂಮಿಯ ಬಿರುಕುಗಳು ಮೊದಲ ಮಳೆಯನ್ನು ಗಟಗಟ ಕುಡಿಯುತ್ತಿದ್ದವು. ಅದೇ ಎಕರೆ ಎನ್.ಎ., ಅಂದರೆ ಕೃಷಿಯೇತರ ಆಯಿತು, ಪ್ಲಾಟ್ ಆಯಿತು, ರಸ್ತೆಗೆ ಕಾಂಕ್ರೀಟ್ ಬಂತು, ಅಂಗಳಕ್ಕೆ ಪೇವರ್ಸ್ ಬಂತು. ಈಗ ಆ 50 ಟ್ಯಾಂಕರ್ ಹೆಚ್ಚುಕಡಿಮೆ ಪೂರ್ತಿ ಗಟಾರಕ್ಕೇ. ಲೇಔಟಿಗೆ ಮಂಜೂರಾತಿ ಕೊಟ್ಟವರು ಒಂದು ಆಫೀಸು. ಗಟಾರ ಕಟ್ಟಿದವರು ಇನ್ನೊಂದು ಆಫೀಸು. ಆ ಗಟಾರ ಹೋಗಿ ಬೀಳುವ ನಾಲಾದ ಅಗಲ ಸಾಕಾ ಅಂತ ನೋಡುವವರು? ಆ ಕುರ್ಚಿ ಎಲ್ಲಿದೆ?

ಇಲ್ಲಿ ನಿಮಗೆ ಕಾಕಾನ ಕಥೆ ಹೇಳಲೇಬೇಕು. ನನ್ನ ವಿದ್ಯಾರ್ಥಿಗಳು ಯಾರಾದರೂ ಇಲ್ಲಿ ಕೂತಿದ್ದರೆ ಈಗ ನಗುತ್ತಿರುತ್ತಾರೆ. ಅವರು ಇದನ್ನು ಪ್ರತಿ ವರ್ಷ ಕೇಳಿದ್ದಾರೆ.

ನಮ್ಮ ಬಡಾವಣೆಯಲ್ಲಿ ಒಬ್ಬ ವಾಲ್ವ್‌ಮನ್ ಇದ್ದ. ಹೆಸರು ಬೇಡ, ಓಣಿಯವರೆಲ್ಲ ನೀರಿನ ಕಾಕಾ ಅಂತಲೇ ಕರೆಯುತ್ತಿದ್ದೆವು. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ನೀರು ಬರುತ್ತಿದ್ದ ಕಾಲ. ಕಾಕಾ ಹೆಗಲ ಮೇಲೆ ಉದ್ದದ ಕಬ್ಬಿಣದ ಚಾವಿ ಇಟ್ಟುಕೊಂಡು ಸೈಕಲ್ ಮೇಲೆ ಬಂದನೆಂದರೆ ಮಲಗಿದವರು ಏಳುತ್ತಿದ್ದರು. ಮದುವೆ ಮುಹೂರ್ತ ನೋಡುವಾಗ ಪಂಚಾಂಗದ ಜೊತೆಗೆ ಕಾಕಾನನ್ನೂ ಕೇಳುತ್ತಿದ್ದರು ಅಂತ ಹೇಳಿದರೆ ನೀವು ನಂಬುತ್ತೀರಿ, ಏಕೆಂದರೆ ನೀವೂ ಹುಬ್ಬಳ್ಳಿ ಧಾರವಾಡದವರೇ.

ಒಂದು ವರ್ಷ ನಮ್ಮ ಕೊನೆ ವರ್ಷದ ಹುಡುಗರಿಗೆ ಓಣಿಯ ನೀರಿನ ಕೊಳವೆ, ಗಟಾರ ಎರಡರ ನಕಾಶೆ ಮಾಡುವ ಕೆಲಸ ಕೊಟ್ಟೆ. ಆಫೀಸಿನಿಂದ ಹಳೆಯ ನಕಾಶೆ ತಂದರು. ಲೆವೆಲ್, ಸ್ಟಾಫು, ಟೇಪು ಹಿಡಿದು ಬೀದಿಗಿಳಿದರು. ಕಾಕಾ ಪಾನ್ ಅಂಗಡಿ ಕಟ್ಟೆ ಮೇಲೆ ಕೂತು ಅರ್ಧ ತಾಸು ನೋಡಿದ. ಆಮೇಲೆ ಎದ್ದು ಬಂದು, "ಸಾಹೇಬ್ರ, ಹುಡುಗೂರು ಪೈಪ್ ಇಲ್ಲದ ಕಡೆ ಹುಡುಕಾಕತ್ತಾರ್ರಿ" ಅಂದ.

ನಾನು ನಕಾಶೆ ತೋರಿಸಿದೆ. "ಇಲ್ಲೇ ಇದೆಯಲ್ಲ ಕಾಕಾ" ಅಂದೆ.

"ಅದು ಕಾಗದದಾಗ ಐತ್ರಿ. ನೆಲದಾಗ ಆ ಕಡಿ ಐತಿ. ಪೈಪ್ ಹಾಕೂಮುಂದ ಬಂಡಿ ಬಂತು, ಗುತ್ತಿಗೆದಾರ ಆಚಿಕ ಸರಿಸಿದ."

ಆಮೇಲೆ ಅವನೇ ನಮ್ಮನ್ನು ಕರೆದುಕೊಂಡು ಹೊರಟ. ಒಂದು ಕಡೆ ಚಾವಿಯ ತುದಿ ವಾಲ್ವಿಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಇಟ್ಟ. "ಸೋರಾಕತ್ತೈತಿ, ಈ ಮೂರು ಮನಿ ಒಳಗ" ಅಂದ. ಇನ್ನೊಂದು ಕಡೆ ಹೊಸ ಗಟಾರ ತೋರಿಸಿ, "ಇದಕ್ಕ ಉಲ್ಟಾ ಇಳಕಲ ಕೊಟ್ಟಾರ್ರಿ, ನೀರು ಮ್ಯಾಲಕ ಹತ್ತಬೇಕು" ಅಂದ. ಹುಡುಗರು ಲೆವೆಲ್ ಇಟ್ಟು ನೋಡಿದರು. ಹೌದು, ಉಲ್ಟಾ! ಆ ಗಟಾರಕ್ಕೆ ಬಿಲ್ ಪಾಸಾಗಿತ್ತು, ಉದ್ಘಾಟನೆಯ ಕಲ್ಲೂ ನೆಟ್ಟಿದ್ದರು. ಕಲ್ಲು ಮಾತ್ರ ಓಲಂಬಕ್ಕೆ ಸರಿಯಾಗಿತ್ತು.

ಹುಡುಗರು ಕಾಕಾ ಹೇಳಿದ್ದನ್ನೆಲ್ಲ ಕೆಂಪು ಮಸಿಯಲ್ಲಿ ಗುರುತು ಹಾಕಿ ಚೆಂದದ ನಕಾಶೆ ಮಾಡಿದರು. ಒಂದು ಪ್ರತಿ ಆಫೀಸಿಗೆ ಕೊಟ್ಟು, ಠಸ್ಸೆ ಹಾಕಿಸಿಕೊಂಡು ಬಂದೆವು. ಕೆಲವು ವರ್ಷಕ್ಕೆ ಕಾಕಾ ನಿವೃತ್ತನಾದ. ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಮಾತು. ಚಾವಿಯನ್ನು ಮುಂದಿನವನಿಗೆ ಕೊಟ್ಟರು. ಅದರ ಜೊತೆ ಮತ್ತೇನೂ ಕೊಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಯಾವುದೋ ಕೇಬಲ್ ಹಾಕಲು ಜೆಸಿಬಿ ಬಂತು. ಕಾಗದದ ನಕಾಶೆ ನಂಬಿ ಅಗೆದರು, ನಿಜವಾದ ಪೈಪಿಗೆ ಬಿತ್ತು. ವಾರಗಟ್ಟಲೆ ಕಾದು ಬಂದ ನೀರು ರಸ್ತೆ ಮೇಲೆ ಹೊಳೆಯಾಗಿ ಹರಿಯಿತು. ಎಲ್ಲಿ ಬಂದ್ ಮಾಡಬೇಕು ಅಂತ ಹೊಸಬನಿಗೆ ತಿಳಿಯಲಿಲ್ಲ. ಸಂಜೆ ಒಬ್ಬ ಎಳೆಯ ಎಂಜಿನಿಯರ್ ನನಗೆ ಫೋನ್ ಮಾಡಿದ. "ಸರ್, ಆ ಕೆಂಪು ಮಸಿ ನಕಾಶೆ ನಿಮ್ಮ ಹತ್ರ ಇದೆಯಾ? ನಮ್ಮಲ್ಲಿ ಸಿಗ್ತಿಲ್ಲ" ಅಂದ. ನಕಾಶೆ ಮಾಡಿದ ಹುಡುಗರು ಆಗಲೇ ಪುಣೆ, ಬೆಂಗಳೂರು ಸೇರಿದ್ದರು. ಕೊನೆಗೆ ಯಾರೋ ಬೈಕ್ ಮೇಲೆ ಕಾಕಾನನ್ನೇ ಕೂರಿಸಿಕೊಂಡು ಬಂದರು. ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡಿದ್ದ. ನಾಲ್ಕು ಹೆಜ್ಜೆ ಹಾಕಿ, ಕಾಲಿನಿಂದ ನೆಲ ತಟ್ಟಿ, "ಇಲ್ಲಿ ತೆಗೀರಿ" ಅಂದ. ಮಣ್ಣು ಸರಿಸಿದರೆ ಅಲ್ಲೇ ವಾಲ್ವ್. ಅವನಿಗೆ ಒಂದು ಕಪ್ ಚಹಾ ಸಿಕ್ಕಿತು.

ಕಾಕಾನನ್ನು ದೇವರು ಮಾಡುವುದು ಬೇಡ. ಗಣಪತಿ ಹಬ್ಬಕ್ಕೆ ಪ್ರೀತಿಯಿಂದ ಊಟಕ್ಕೆ ಕರೆದ ಓಣಿಗೆ ಅವನ ಚಾವಿ ಅರ್ಧ ತಾಸು ಜಾಸ್ತಿ ತೆರೆದಿರುತ್ತಿತ್ತು. ಕರೆಯದ ಓಣಿಯವರು ಬರಿಗೊಡ ಹಿಡಿದು ಬೈಯುತ್ತಿದ್ದರು. ಊರಿನ ತಿಳಿವಳಿಕೆ ಒಬ್ಬನ ತಲೆಯೊಳಗೆ ಮಾತ್ರ ಇದ್ದರೆ ಊರಿನ ಹಂಚಿಕೆಯೂ ಅವನ ಕೈಯಲ್ಲೇ ಇರುತ್ತದೆ. ಅದು ಆಫೀಸಿಗೆ ಬರಬೇಕು, ಪಟ್ಟಿಯಲ್ಲಿ ಬರೆಯಬೇಕು, ಎಲ್ಲರಿಗೂ ಕಾಣಬೇಕು. ನಾನು ಸಾಮರ್ಥ್ಯ ಅನ್ನುವುದು ಇದನ್ನೇ.

2011ರ ಸುಮಾರಿಗೆ ಹುಬ್ಬಳ್ಳಿಯಲ್ಲೇ ನೆಕ್ಸ್ಟ್‌ಡ್ರಾಪ್ ಅಂತ ಒಂದು ಸಂಸ್ಥೆ ಇದನ್ನು ಮೊಬೈಲ್ ಮೂಲಕ ಮಾಡಲು ಹೊರಟಿತು. ವಾಲ್ವ್‌ಮನ್ ನೀರು ಬಿಡುವ ಮೊದಲು ಫೋನ್ ಮಾಡಿ ತಿಳಿಸಬೇಕು, ಮನೆಗಳಿಗೆ ಎಸ್ಸೆಮ್ಮೆಸ್ ಹೋಗಬೇಕು. ಒಳ್ಳೆ ಯೋಚನೆ. ಆಮೇಲೆ ಅದು ಬೆಂಗಳೂರಿಗೂ ಹೋಯಿತು. ಅಲ್ಲಿ ಸಂಶೋಧಕರು ಅಳೆದು ನೋಡಿದರೆ ಜನರಿಗೆ ಆದ ಲಾಭ ಅಷ್ಟಕ್ಕಷ್ಟೆ. ಒಂದು ಮುಖ್ಯ ಕಾರಣ, ವಾಲ್ವ್‌ಮನ್‌ಗಳು ತಪ್ಪದೆ ತಿಳಿಸುತ್ತಿರಲಿಲ್ಲ. ಯಾಕೆ ತಿಳಿಸಬೇಕು ಹೇಳಿ? ಅದು ಅವನ ಕೆಲಸದ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಸಂಬಳ ಇಲ್ಲ, ಕೇಳುವ ಮೇಲಧಿಕಾರಿ ಇಲ್ಲ. ಆ್ಯಪ್ ಬಂತು, ಕುರ್ಚಿ ಬರಲಿಲ್ಲ.

ನಮ್ಮ ಪೈಪುಗಳ ಮೇಲೆ ಜಗತ್ತಿನ ಜನ ಪಿಎಚ್‌ಡಿ ಮಾಡಿದ್ದಾರೆ, ಗೊತ್ತಲ್ಲ? ವಿಶ್ವಬ್ಯಾಂಕ್ ನೆರವಿನಿಂದ 2008ರಲ್ಲಿ ಇಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಕೆಲವು ವಾರ್ಡ್‌ಗಳಿಗೆ 24 ತಾಸು ನೀರು ಬಂತು. ದೇಶದಲ್ಲೇ ದೊಡ್ಡ ಸುದ್ದಿ. ಅಮೆರಿಕದ ವಿಶ್ವವಿದ್ಯಾಲಯದವರು ಬಂದು 24 ತಾಸು ನೀರು ಬರುವ ಮನೆ, ಬರದ ಮನೆ ಎರಡನ್ನೂ ಹೋಲಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಮುಖ್ಯ ಮಾತಿದೆ. ಎಲ್ಲ ಮನೆಗಳನ್ನೂ ಸೇರಿಸಿ ನೋಡಿದರೆ ಮಕ್ಕಳ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಬಡವರ ಮನೆಗಳಲ್ಲಿ ಮಾತ್ರ ರಕ್ತಭೇದಿ ಕಡಿಮೆ ಇತ್ತು. ಅಂದರೆ ಮುಂದಿನ 24 ತಾಸಿನ ನೀರು ಮೊದಲು ಯಾವ ಓಣಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ನಮ್ಮದೇ ಮಕ್ಕಳ ಹೊಟ್ಟೆಯ ಲೆಕ್ಕ ಅದು. ಅದನ್ನು ಕನ್ನಡಕ್ಕೆ ಇಳಿಸಿ, ಪಾಲಿಕೆ ಸಭೆಯ ಮೇಜಿನ ಮೇಲೆ ಇಡುವವರು ಯಾರು? ಯಾರ ಕೆಲಸ ಅದು?

ತಿಳಿದವರಿಗೆ ನಮ್ಮಲ್ಲಿ ಬರ ಇಲ್ಲ. ನೀರು, ನೆಲದ ನಿರ್ವಹಣೆಗೆಂದೇ ವಾಲ್ಮಿ ಇದೆ. ಕೃಷಿ ವಿಶ್ವವಿದ್ಯಾಲಯ ಇದೆ, ಮಳೆ, ಮಣ್ಣು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಟ್ರಿಪಲ್ ಐಟಿ, ಎಂಜಿನಿಯರಿಂಗ್ ಕಾಲೇಜುಗಳು, ಎಲ್ಲ ಈ 20 ಕಿಲೋಮೀಟರಿನ ಸುತ್ತಮುತ್ತ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿಗೊಂದು ಮಳೆ ಮಾಪಕ ಹಾಕಿದ್ದಾರೆ. ಕುಂದಗೋಳದ ರೈತ ಅವರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿ, "ನಾಳಿಗೆ ಮಳಿ ಐತೇನ್ರಿ, ಮೆಣಸಿನಕಾಯಿ ಒಣಗಿಸಾಕ ಹಾಕಲೇನು?" ಅಂತ ಕೇಳುತ್ತಾನೆ. ಅದೇ ಮಾಹಿತಿ ನೋಡಿ ಇವತ್ತೇ ನಾಲಾದ ಕಸ ತೆಗೆಸುವ ಅಧಿಕಾರಿ ಪಾಲಿಕೆಯಲ್ಲಿ ಯಾರು? ರೈತನಿಗೆ ಇರುವ ಮುಂಜಾಗ್ರತೆ ಒಂದು ಮಹಾನಗರಕ್ಕೆ ಇಲ್ಲ ಅಂದರೆ ಹೇಗೆ?

ಬೇರೆ ಊರಿನ ಎರಡು ಉದಾಹರಣೆ ಹೇಳುತ್ತೇನೆ. ಸೂರತ್‌ನಲ್ಲಿ 1994ರಲ್ಲಿ ಪ್ಲೇಗ್ ಬಂತು. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಆಮೇಲೆ ಬಂದ ಆಯುಕ್ತರು ಊರನ್ನೇ ತೊಳೆದರು ಅಂತ ಪತ್ರಿಕೆಗಳು ಹೊಗಳಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಆ ಆಯುಕ್ತರು ವರ್ಗವಾದರು, ಆದರೆ ಜ್ವರದ ಲೆಕ್ಕವನ್ನು ದಿನಾ ಸಂಗ್ರಹಿಸುವ ಪದ್ಧತಿ ಉಳಿಯಿತು. 2006ರಲ್ಲಿ ಉಕಾಯ್ ಅಣೆಕಟ್ಟೆಯ ನೀರು ಬಿಟ್ಟಾಗ ತಾಪಿ ನದಿ ಊರಿನ ಬಹುಭಾಗ ಮುಳುಗಿಸಿತು. ಆಮೇಲೆ ಅವರು ಅಣೆಕಟ್ಟೆಯವರು, ಪಾಲಿಕೆ, ವ್ಯಾಪಾರಿಗಳು, ಕಾಲೇಜಿನವರು ಎಲ್ಲರನ್ನೂ ಸೇರಿಸಿ ಹವಾಮಾನಕ್ಕೇ ಒಂದು ಟ್ರಸ್ಟ್ ಕಟ್ಟಿದರು, ನೆರೆಯ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿಕೊಂಡರು. ಎರಡು ಪೆಟ್ಟು ತಿಂದರು, ಎರಡು ಸಲವೂ ಏನಾದರೂ ಉಳಿಸಿಕೊಂಡರು.

ಅಹಮದಾಬಾದ್ ಇನ್ನೊಂದು. 2010ರ ಮೇ ತಿಂಗಳ ಬಿಸಿಲಿಗೆ ಅಲ್ಲಿ ವಾಡಿಕೆಗಿಂತ 1,344 ಸಾವು ಜಾಸ್ತಿ ಆದವು. ಮೂರು ವರ್ಷಕ್ಕೆ, 2013ರಲ್ಲಿ, ಬಿಸಿಲಿಗೇ ಒಂದು ಯೋಜನೆ ಮಾಡಿದರು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಓದಿ ನೋಡಿ, ಅದರಲ್ಲಿ ಮಹಾ ತಂತ್ರಜ್ಞಾನ ಏನೂ ಇಲ್ಲ. ಇಷ್ಟು ಡಿಗ್ರಿ ಆದರೆ ಈ ಬಣ್ಣದ ಎಚ್ಚರಿಕೆ. ಎಚ್ಚರಿಕೆ ಬಂದರೆ ಆಸ್ಪತ್ರೆಯವರು ಇದು ಮಾಡಬೇಕು, ಉದ್ಯಾನದವರು ಇದು, ಕೂಲಿ ಕೆಲಸದ ಹೊತ್ತು ಹೀಗೆ ಬದಲಿಸಬೇಕು. ಎಲ್ಲಕ್ಕೂ ಮೇಲೆ ಒಬ್ಬ ನೋಡಲ್ ಅಧಿಕಾರಿ. ಅಂದರೆ? ಹೂಂ, ನೀವೇ ಹೇಳಿಬಿಟ್ಟಿರಿ. ಕುರ್ಚಿ!

ಈಗ ನಮ್ಮ ಕಡೆ ಬನ್ನಿ. ಹುಬ್ಬಳ್ಳಿ ಧಾರವಾಡದ ಒಂದು ರಸ್ತೆ ಮೇಲೆ ನಿಂತು ಎಣಿಸಿ. ರಸ್ತೆ ಒಬ್ಬರದು, ನೀರಿನ ಪೈಪ್ ಇನ್ನೊಬ್ಬರದು, ಲೇಔಟ್ ನಗರಾಭಿವೃದ್ಧಿ ಪ್ರಾಧಿಕಾರ ಹುಡಾದ್ದು, ಬಸ್ಸಿನ ದಾರಿ ಚಿಗರಿಯ ಬಿಆರ್‌ಟಿಎಸ್ ಕಂಪನಿಯದು, ಕಂಬ ಹೆಸ್ಕಾಂದು, ಗಿಡ ಅರಣ್ಯ ಇಲಾಖೆಯದು. ಹೊಂಡ ಮಾತ್ರ ನಮ್ಮದು. ಉಣಕಲ್ ನಾಲಾ ಪಕ್ಕದಲ್ಲಿ ಸೈಕಲ್ ದಾರಿ ಮಾಡುವ ಹಸಿರು ಕಾರಿಡಾರ್ ಇದೆಯಲ್ಲ, ಅದು ಸ್ಮಾರ್ಟ್ ಸಿಟಿ ಮಿಷನ್ ಅಡಿಯಲ್ಲಿ ಫ್ರಾನ್ಸಿನ ನೆರವಿನಿಂದ ಬಂದ ಯೋಜನೆ. ದೇಶದ 12 ನಗರಗಳಲ್ಲಿ ನಮ್ಮದೂ ಒಂದಾಗಿ ಆಯ್ಕೆಯಾಯಿತು. ಒಳ್ಳೆಯದೇ. ಆ ಸೈಕಲ್ ದಾರಿ ನನಗೆ ಇಷ್ಟ. ಆದರೆ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಇನ್ನು ಹತ್ತು ವರ್ಷ ಆ ನಾಲಾದ ಹೂಳು ತೆಗೆಯುವವರು, ಗಿಡಕ್ಕೆ ನೀರು ಹಾಕುವವರು, ಮಳೆ ಬಂದ ರಾತ್ರಿ ಆ ದಾರಿಯ ಗೇಟ್ ಮುಚ್ಚುವವರು ಯಾರು? ಯೋಜನೆಗೆ ಕೊನೆ ದಿನ ಇರುತ್ತದೆ. ಮಳೆಗಾಲಕ್ಕೆ ಇಲ್ಲ.

ಅದರ ಮೇಲೆ ನಮ್ಮಲ್ಲಿ ಮೇಯರ್ ಒಂದೇ ವರ್ಷ. ಒಂದು ಬೇಸಿಗೆ, ಒಂದು ಮಳೆಗಾಲ, ಮುಗಿಯಿತು. 2019ರ ಆ ನೆರೆ ಬಂದಾಗ ಚುನಾಯಿತ ಮಂಡಳಿಯೇ ಇರಲಿಲ್ಲ, ಹಿಂದಿನ ಅವಧಿ ಮುಗಿದಿತ್ತು. 82 ವಾರ್ಡ್‌ಗಳಿಗೆ ಚುನಾವಣೆ ಆಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಆಯುಕ್ತರ ವರ್ಗಾವಣೆ ಬಗ್ಗೆ ನಾನು ಏನೂ ಹೇಳುವುದಿಲ್ಲ, ನಗಬೇಡಿ.

ಇಷ್ಟು ಹೇಳಿ ಈಗ ಎರಡು ಪಾಲಿಕೆಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ಅಣ್ಣ ತಮ್ಮಂದಿರು ವಾಟ್ಣಿ ಮಾಡಿಕೊಳ್ಳುವಾಗ ಹೊಲ ಹಂಚುತ್ತಾರೆ, ಮನೆ ಹಂಚುತ್ತಾರೆ, ಎತ್ತು, ಪಾತ್ರೆ ಎಲ್ಲ ಹಂಚುತ್ತಾರೆ. ಬಾವಿ ಮಾತ್ರ ಸಾಮಾಯಿಕ, ಅಂದರೆ ಎಲ್ಲರಿಗೂ ಸೇರಿದ್ದು ಅಂತ ಪತ್ರದಲ್ಲಿ ಬರೆಯುತ್ತಾರೆ. ಬಾವಿಗೆ ಹೋಗುವ ದಾರಿಯೂ ಸಾಮಾಯಿಕ. ಮಾತು ಬಿಟ್ಟವರು ಕೂಡ ಒಂದೇ ಗಡಗಡಿಗೆ ಹಗ್ಗ ಹಾಕುತ್ತಾರೆ. ನಮ್ಮ ಎರಡು ಪಾಲಿಕೆಗಳ ವಾಟ್ಣಿ ಪತ್ರದಲ್ಲಿ ಸಾಮಾಯಿಕ ಅಂತ ಏನಾದರೂ ಬರೆದಿದ್ದಾರಾ? ಕಟ್ಟಡ, ವಾಹನ, ಸಿಬ್ಬಂದಿ, ಸಾಲ ಇವುಗಳ ಮಾತು ಕೇಳಿದ್ದೇನೆ. ಕೆರೆಯ ಜಲಾನಯನದ ಮಾತು, ನಾಲಾದ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಮೇಲಿನ ಪಾಲಿಕೆ ಲೇಔಟ್ ಮಂಜೂರು ಮಾಡುತ್ತದೆ, ತೆರಿಗೆ ತೆಗೆದುಕೊಳ್ಳುತ್ತದೆ. ಕೆಳಗಿನ ಪಾಲಿಕೆ ನೀರು ತೆಗೆದುಕೊಳ್ಳುತ್ತದೆ. ನಾನು ಕೆಳಗಿನವನು, ಅದಕ್ಕೆ ಸ್ವಲ್ಪ ಜೋರಾಗಿ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನನ್ನ ಬೇಡಿಕೆ ಇಷ್ಟೇ. ಎರಡು ಪಾಲಿಕೆಗೂ ಸೇರಿ ಒಂದೇ ಹವಾಮಾನ ಘಟಕ. ಅದರಲ್ಲಿ ಖಾಯಂ ಜನ. ಒಬ್ಬ ಮಳೆನೀರಿನ ಎಂಜಿನಿಯರ್, ನಕಾಶೆ ಕೆಲಸ ಬಲ್ಲ ಒಬ್ಬರು, ಆರೋಗ್ಯದ ಕಡೆಯಿಂದ ಒಬ್ಬರು, ಲೆಕ್ಕಪತ್ರದವರೊಬ್ಬರು. ಐದು ವರ್ಷ ವರ್ಗ ಮಾಡಬಾರದು. ಲೇಔಟ್ ಕಡತ ಅವರ ಸಹಿ ಇಲ್ಲದೆ ಮುಂದೆ ಹೋಗಬಾರದು. ಈ ಕೊನೆಯದು ಬಹಳ ಮುಖ್ಯ. ಬೇಡ ಅನ್ನುವ ಅಧಿಕಾರ ಇಲ್ಲದ ಘಟಕ ಪೋಸ್ಟರ್ ಮಾಡುತ್ತದೆ, ಜೂನ್ 5ಕ್ಕೆ ಸಸಿ ನೆಡುತ್ತದೆ, ಹೋದ ವರ್ಷದ್ದೇ ಗುಂಡಿಯಲ್ಲಿ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಯೋಜನೆ ಹೊರತಂದಿತು, ಮುಂಬೈ 2022ರಲ್ಲೇ ತಂದಿತ್ತು. ನಾವು ಅವರ ದಪ್ಪ ಪುಸ್ತಕ ನಕಲು ಮಾಡುವುದು ಬೇಡ. ನಾಲ್ಕು ಜನರನ್ನು ಕೂರಿಸೋಣ, ಪುಸ್ತಕ ಅವರೇ ಬರೆಯುತ್ತಾರೆ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಬರೆದಿದ್ದಾರೆ. ಗಿರಮಿಟ್ಟು ತಯಾರಿದೆ ಅಂತಲೂ ಬರೆದಿದ್ದಾರೆ, ಇದು ಬೆದರಿಕೆ. ಇನ್ನು ಓಡಿಸುತ್ತೇನೆ.

ಬಿಸಿಲಿನ ವಿಷಯ. ಧಾರವಾಡದ ತಂಪು ಗಾಳಿ ಅಂತ ನಾವು ಹೆಮ್ಮೆ ಪಡುತ್ತಿದ್ದೆವು. ಪಿ.ಬಿ. ರಸ್ತೆ ಅಗಲ ಮಾಡುವಾಗ ಹೋದ ಮರಗಳ ನೆರಳಲ್ಲಿ ನಡೆದವರು ಇಲ್ಲಿ ಬಹಳ ಜನ ಇದ್ದೀರಿ. ಚಿಗರಿ ಬಸ್ಸು ನನಗೆ ಬೇಕು, ಅದು ಕಾರು, ಬೈಕು ಕಡಿಮೆ ಮಾಡುತ್ತದೆ, ಎಸಿ ಇದೆ. ಬಸ್ ನಿಲ್ದಾಣ ಮುಟ್ಟುವವರೆಗಿನ ಬಿಸಿಲು ಮಾತ್ರ ನಮ್ಮ ಪಾಲು. ತಗಡಿನ ಮನೆಗಳಿಗೆ ಮೇಲೆ ಬಿಳಿ ಸುಣ್ಣ ಬಳಿದರೆ ಒಳಗಿನ ಶಾಖ ಇಳಿಯುತ್ತದೆ, ಇದು ದುಬಾರಿ ಕೆಲಸವಲ್ಲ. ಧೂಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುದ್ಧ ಗಾಳಿಯ ಮಟ್ಟ ಮುಟ್ಟದ ನಗರಗಳ ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿವೆ, ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಾವು. ಈ ವಿಷಯದಲ್ಲಿ ನಮಗೆ ಪ್ರತ್ಯೇಕ ಪಾಲಿಕೆ ಇಲ್ಲ, ಧೂಳು ಒಟ್ಟಿಗೇ ತಿನ್ನುತ್ತೇವೆ.

ದುಡ್ಡು. 2011ರ ಜನಗಣತಿಯಲ್ಲಿ ನಾವು 9 ಲಕ್ಷ 43 ಸಾವಿರ ಚಿಲ್ಲರೆ. ಹತ್ತು ಲಕ್ಷ ದಾಟಿದ ನಗರಗಳಿಗೆ ಅಂತ ಬರುವ ಅನುದಾನ ಕೂದಲೆಳೆಯಲ್ಲಿ ತಪ್ಪಿತು. ಈಗ ಎರಡಾದರೆ ಹತ್ತು ಲಕ್ಷ ಇನ್ನೂ ದೂರ, ಇದನ್ನು ಪೇಡೆ ಹಂಚುವಾಗ ಯಾರೂ ಹೇಳಲಿಲ್ಲ. ಇಂದೋರ್ 2023ರಲ್ಲಿ 244 ಕೋಟಿ ರೂಪಾಯಿಯ ಹಸಿರು ಬಾಂಡ್, ಅಂದರೆ ಪರಿಸರ ಕೆಲಸಕ್ಕೆಂದೇ ಎತ್ತುವ ಸಾಲಪತ್ರ ತಂದು ಜನರಿಂದಲೇ ದುಡ್ಡು ಎತ್ತಿತು. ನರ್ಮದೆಯ ನೀರು ಎತ್ತುವ ಕರೆಂಟ್ ಖರ್ಚು ತಾಳಲಾರದೆ ಸೋಲಾರ್ ಘಟಕ ಹಾಕಲು. ನಾವೂ ಸವದತ್ತಿಯಿಂದ ಮಲಪ್ರಭೆಯನ್ನು ಎತ್ತಿ ತರುವವರೇ, ಕರೆಂಟ್ ಬಿಲ್ ನಮಗೂ ಬರುತ್ತದೆ. ಆದರೆ ಬಾಂಡ್ ತರಬೇಕಾದರೆ ಲೆಕ್ಕ ಅಚ್ಚುಕಟ್ಟಾಗಿರಬೇಕು, ನೋಡಿಕೊಳ್ಳುವ ಜನ ಇರಬೇಕು. ಮತ್ತೆ ಅದೇ ಕುರ್ಚಿ, ಬಿಡಿ.

ಗದಗಿನಿಂದ ಬಂದವರು ಹಿಂದೆ ಕೂತಿದ್ದಾರೆ, ನಿಮ್ಮನ್ನು ಮರೆತಿಲ್ಲ. ಗದಗ ಬೆಟಗೇರಿ ಇನ್ನೂ ಒಂದೇ ನಗರಸಭೆ, ನಮ್ಮನ್ನು ನೋಡಿ ನಿಮಗೆ ಉಮೇದು ಬರದಿರಲಿ. ನಿಮ್ಮ ಗುಡ್ಡಗಳ ಮೇಲೆ ಗಾಳಿ ಗಿರಣಿ ತಿರುಗುತ್ತವೆ, ಕೆಳಗೆ ಊರಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುತ್ತಾರೆ. ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದ ಬಾವಿಗಳಿವೆ, ಮಾಗಡಿ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಅನ್ನುವ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಕಪ್ಪತಗುಡ್ಡ ಉಳಿಸಿಕೊಂಡ ಜನ ನೀವು. ನಿಮ್ಮ ಮೇಲೆ ಬೇರೆಯದೇ ಒಂದು ಉಪನ್ಯಾಸ ಬೇಕು, ಕರೆಯಿರಿ, ಬರುತ್ತೇನೆ.

ಕೊನೆಯದು ಜನ. ಇದಕ್ಕೇ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಕಾಕಾ ತಿಂದುಬಿಟ್ಟ. ಎರಡೇ ಮಾತು. ಕಾನೂನಿನಲ್ಲಿ ವಾರ್ಡ್ ಸಮಿತಿ ಇದೆ. ಅದು ಸಭೆ ಸೇರುವಂತೆ ನೋಡಿಕೊಳ್ಳಿ. ಸೇರಿದ ದಿನ ಹೊಸ ಗಟಾರ ಕೇಳಬೇಡಿ. ನಮ್ಮ ವಾರ್ಡಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಆ ನಕಾಶೆ ತೋರಿಸಿ ಅಂತ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇದೇ ವಾರ ಹೊಸ ಪಾಲಿಕೆ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತೇವೆ ಅಂತ ಅಧ್ಯಕ್ಷರು ಹೇಳಿದರಲ್ಲ, ಅದರಲ್ಲಿ ಜಂಟಿ ಘಟಕದ ಒಂದು ಸಾಲು ಸೇರಿಸಿ. ಹುಬ್ಬಳ್ಳಿಯವರ ಸಹಿ ಬೇಕಿದ್ದರೆ ನಾನು ಈಗಲೇ ಹಾಕುತ್ತೇನೆ, ಪೆನ್ನು ತಂದಿದ್ದೇನೆ. ಹಿಂದೆ ಯಾವುದೋ ತರಬೇತಿಯಲ್ಲಿ ಕೊಟ್ಟದ್ದು, ಇನ್ನೂ ಬರೆಯುತ್ತದೆ.

ಮೂರನೇ ಸಾಲಿನ ಯಜಮಾನರು ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ. ಮೇಲಿನ ಪಾಲಿಕೆ, ಕೆಳಗಿನ ಪಾಲಿಕೆ ಅಂದಾಗ ಎತ್ತಿದ ಕೈ ಅದು. ಅವರಿಗೆ ಮೈಕ್ ಕೊಡ್ರಿ.